ಶಾಫ್ಟಿನ ವ್ಯಾಸ ಬದಲಿಸಿದೊಡನೆ ಮಾಡೆಲ್ ಕೆಡುತ್ತದೆ: ಪ್ಯಾರಾಮೆಟ್ರಿಕ್ ಮಾಡೆಲಿಂಗನ್ನು ಹೇಗೆ ಕಲಿಯಬೇಕು?

ಪ್ರಶ್ನೆ: ಹಾಸನದ ವಿದ್ಯಾರ್ಥಿ (ಮೆಕ್ಯಾನಿಕಲ್, ಮೂರನೇ ಸೆಮಿಸ್ಟರ್)

ಎಲ್ಲರಿಗೂ ನಮಸ್ಕಾರ. ವಿಟಿಯು ವ್ಯಾಪ್ತಿಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಓದುತ್ತಿರುವ ನನಗೆ ಈ ಸೆಮಿಸ್ಟರಿನಲ್ಲಿ ಮೆಷಿನ್ ಡ್ರಾಯಿಂಗ್ ಇದೆ. ಲ್ಯಾಬಿನಲ್ಲಿ ಸಾಲಿಡ್ ಎಡ್ಜ್ ಎಂಬ ಮಾಡೆಲಿಂಗ್ ಸಾಫ್ಟ್‌ವೇರ್ ಬಳಸುತ್ತೇವೆ. ಮೊದಲ ವರ್ಷ ಪ್ರೊಜೆಕ್ಷನ್, ಸೆಕ್ಷನ್‌ಗಳನ್ನು ಚೆನ್ನಾಗಿಯೇ ಕಲಿತಿದ್ದೆ. ಆದರೆ ಘನಾಕೃತಿಗಳನ್ನು ನೇರವಾಗಿ ಕಂಪ್ಯೂಟರಿನಲ್ಲಿ ಕಟ್ಟುವುದು ನನಗೆ ಹೊಸದು. ಆದ್ದರಿಂದ ಎರಡು ತಿಂಗಳಿನಿಂದ ಯೂಟ್ಯೂಬ್ ಪಾಠಗಳನ್ನು ನೋಡುತ್ತಾ, ಅಲ್ಲಿ ತೋರಿಸಿದ ಕ್ರಮದಲ್ಲಿಯೇ ನಕಲ್ ಜಾಯಿಂಟ್, ಕಾಟರ್ ಜಾಯಿಂಟ್, ಸ್ಕ್ರೂ ಜ್ಯಾಕ್‌ಗಳನ್ನು ಮಾಡಿ ಮುಗಿಸಿದ್ದೇನೆ. ನೋಡಲು ಅವೆಲ್ಲವೂ ಸರಿಯಾಗಿಯೇ ಬಂದಿವೆ.

ಕಳೆದ ವಾರ ಪ್ರೊಟೆಕ್ಟೆಡ್ ಫ್ಲೇಂಜ್ ಕಪ್ಲಿಂಗನ್ನು (ಎರಡು ಶಾಫ್ಟುಗಳನ್ನು ಜೋಡಿಸುವ, ಬೋಲ್ಟುಗಳ ಸುತ್ತ ರಕ್ಷಣೆಯ ರಿಮ್ ಇರುವ ತಟ್ಟೆಗಳ ಜೋಡಿ) ಯಾವ ವಿಡಿಯೊದ ನೆರವೂ ಇಲ್ಲದೆ, ಶೀಟಿನಲ್ಲಿದ್ದ ಅಳತೆಗಳನ್ನು ನೋಡಿಕೊಂಡು, ಎರಡು ಸಂಜೆ ಕುಳಿತು ಮಾಡಿದೆ. ಶಾಫ್ಟಿನ ವ್ಯಾಸ 50 ಮಿ.ಮೀ., ನಾಲ್ಕು ಬೋಲ್ಟುಗಳು, ಕೀ (ಶಾಫ್ಟ್ ಮತ್ತು ಕಪ್ಲಿಂಗ್ ಒಟ್ಟಿಗೆ ತಿರುಗುವಂತೆ ನಡುವೆ ಕೂರಿಸುವ ಲೋಹದ ತುಂಡು) 14 × 9. ನಮ್ಮ ಸರ್ ನೋಡಿ ಮೆಚ್ಚಿದರು. ಆಮೇಲೆ ನನ್ನ ಪಕ್ಕದಲ್ಲಿಯೇ ನಿಂತು, "ಈಗ ಶಾಫ್ಟನ್ನು 60 ಮಾಡು" ಎಂದರು. ನಾನು ಬೋರ್ (ಶಾಫ್ಟ್ ಕೂರುವ ರಂಧ್ರ) ವ್ಯಾಸದ ಅಳತೆಯನ್ನು ತೆರೆದು 50 ಇದ್ದಲ್ಲಿ 60 ಎಂದು ಬರೆದೆ. ಬೋರ್ ದೊಡ್ಡದಾಯಿತು, ಆದರೆ ಹಬ್ (ಅದರ ಸುತ್ತಲಿನ ಕೊಳವೆಯಂಥ ಭಾಗ) ಇದ್ದಷ್ಟೇ ಉಳಿಯಿತು. ಕೀವೇ (ಕೀ ಕೂರುವ ತೋಡು) ಸಂಪೂರ್ಣವಾಗಿ ಕಾಣೆಯಾಯಿತು. ಹಬ್ ವ್ಯಾಸವನ್ನೂ 120 ಮಾಡಿದಾಗ ಬೋಲ್ಟ್ ರಂಧ್ರಗಳ ಸ್ಕೆಚ್ ಆಧಾರ ಕಳೆದುಕೊಂಡಿದೆ ಎಂಬ ಎಚ್ಚರಿಕೆ ಬಂದು, ಅದರ ಕೆಳಗಿದ್ದ ಫೀಚರ್‌ಗಳೆಲ್ಲ (ಮಾಡೆಲ್ ಕಟ್ಟಿದ ಹೆಜ್ಜೆಗಳು) ಒಂದೊಂದಾಗಿ ಕೆಟ್ಟವು. ಸರಿಪಡಿಸಲು ಪ್ರಯತ್ನಿಸಿ ಸೋತು, ಕೊನೆಗೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡಬೇಕಾಯಿತು. ಒಂದು ಅಳತೆ ಬದಲಾದರೆ ಮಿಕ್ಕವು ತಾವಾಗಿ ಬದಲಾಗಬೇಕು ಎಂಬುದೇ ಪ್ಯಾರಾಮೆಟ್ರಿಕ್ ಎಂಬ ಹೆಸರಿನ ಅರ್ಥವಾಗಿದ್ದರೆ, ನನ್ನ ಮಾಡೆಲ್ ಏಕೆ ಹೀಗಾಯಿತು ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂಬುದು. ಸೀನಿಯರ್‌ಗಳಲ್ಲಿ ಒಬ್ಬರು ಕಟಿಯಾ ಎನ್ನುತ್ತಾರೆ, ಒಬ್ಬರು ಎನ್‌ಎಕ್ಸ್ ಎನ್ನುತ್ತಾರೆ, ಇನ್ನೊಬ್ಬರು ಸಾಲಿಡ್‌ವರ್ಕ್ಸ್ ಬಿಟ್ಟರೆ ಬೇರೆ ಬೇಡ ಎನ್ನುತ್ತಾರೆ. ತರಬೇತಿ ಕೇಂದ್ರಗಳ ಶುಲ್ಕ ನಮ್ಮ ಮನೆಯ ಶಕ್ತಿಗೆ ಮೀರಿದ್ದು. ನನ್ನ ಬಳಿ 8 ಜಿಬಿ ರ‍್ಯಾಮ್ ಇರುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಇದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1: ಪೀಣ್ಯದ ಟೂಲ್‌ರೂಮಿನಿಂದ (ವಿನ್ಯಾಸ ವಿಭಾಗ, 16 ವರ್ಷ)

ನಿಮ್ಮ ಸರ್ ಕೇಳಿದ ಆ ಒಂದು ಪ್ರಶ್ನೆ ನೀವು ನೋಡಿದ ಎಲ್ಲ ವಿಡಿಯೊಗಳಿಗಿಂತ ದೊಡ್ಡ ಪಾಠ. ನಮ್ಮಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಕೊಡುವ ಮೊದಲ ಪರೀಕ್ಷೆಯೂ ಇದೇ: ಮಾಡಿ ತೋರಿಸಿ ಎನ್ನುವುದಿಲ್ಲ, ಮಾಡಿದ್ದನ್ನು ಬದಲಿಸಿ ತೋರಿಸಿ ಎನ್ನುತ್ತೇನೆ.

ಮೊದಲು ಕೀವೇ ಎಲ್ಲಿಗೆ ಹೋಯಿತು ಎಂಬುದನ್ನು ನೋಡೋಣ, ಏಕೆಂದರೆ ನಿಮ್ಮ ತೊಂದರೆಯ ಬೇರು ಅಲ್ಲಿಯೇ ಇದೆ. 50 ಮಿ.ಮೀ. ಶಾಫ್ಟಿಗೆ 14 × 9 ಕೀ ಹಾಕಿದಾಗ ಹಬ್‌ನಲ್ಲಿ ಕೀವೇಯ ಆಳ 3.8 ಮಿ.ಮೀ. ಬರುತ್ತದೆ. ನೀವು ಕೀವೇಯ ಮೇಲ್ಮೈಯನ್ನು ಬೋರಿನ ಕೇಂದ್ರದಿಂದ 25 + 3.8, ಎಂದರೆ 28.8 ಎಂದು ನೇರವಾಗಿ ಬರೆದಿರಬೇಕು. ಬೋರ್ 60 ಆದಾಗ ಅದರ ತ್ರಿಜ್ಯವೇ 30 ಆಯಿತು. 28.8ರವರೆಗೆ ಕತ್ತರಿಸು ಎಂದು ನೀವು ಹೇಳಿದ ಜಾಗದಲ್ಲಿ ಕತ್ತರಿಸಲು ಲೋಹವೇ ಉಳಿದಿಲ್ಲ. ಹೇಳಿದ್ದನ್ನು ಸಾಫ್ಟ್‌ವೇರ್ ಅಕ್ಷರಶಃ ಮಾಡಿತು. ಕೀವೇ ಬೋರಿಗೆ ಅಂಟಿಕೊಂಡಿರಬೇಕು ಎಂಬ ಸಂಗತಿ ನಿಮ್ಮ ಮನಸ್ಸಿನಲ್ಲಿತ್ತೇ ಹೊರತು ಮಾಡೆಲಿನಲ್ಲಿ ಇರಲಿಲ್ಲ.

ಇದೇ ಕೀವೇಯನ್ನು ಕಾರ್ಖಾನೆಯ ಡ್ರಾಯಿಂಗಿನಲ್ಲಿ ಹೇಗೆ ತೋರಿಸುತ್ತಾರೆ ಎಂಬುದನ್ನು ಗಮನಿಸಿ. ಕೇಂದ್ರದಿಂದ ಅಳತೆ ಕೊಡುವುದಿಲ್ಲ. ಬೋರಿನ ಎದುರು ಗೋಡೆಯಿಂದ ಕೀವೇಯ ಮೇಲ್ಮೈವರೆಗೆ 53.8 ಎಂದು ಕೊಡುತ್ತಾರೆ. ಸ್ಲಾಟಿಂಗ್ ಯಂತ್ರದ ಮುಂದೆ ನಿಂತವನಿಗೆ ಬೋರಿನ ಕೇಂದ್ರ ಎಂಬುದು ಗಾಳಿಯಲ್ಲಿರುವ ಬಿಂದು, ಅಲ್ಲಿ ವರ್ನಿಯರ್ ಇಡಲಾಗದು. ಎದುರು ಗೋಡೆಯನ್ನು ಮುಟ್ಟಬಹುದು. ಅದೇ ಕಾರಣಕ್ಕೆ ಶಾಫ್ಟಿನ ಕೀವೇಯನ್ನೂ ಎದುರು ಬದಿಯಿಂದ 44.5 ಎಂದು ಕೊಡುವುದು. ನೀವು ಸ್ಕೆಚ್ಚಿನಲ್ಲಿಯೂ ಹಾಗೆಯೇ, ಬೋರಿನ ಎದುರು ಗೋಡೆಯಿಂದ ಬೋರಿನ ವ್ಯಾಸಕ್ಕೆ ಆಳವನ್ನು ಕೂಡಿಸಿ ಅಳತೆ ಕೊಟ್ಟಿದ್ದರೆ ಬೋರ್ ಎಷ್ಟೇ ಬೆಳೆದರೂ ಕೀವೇ ಅದರ ಜೊತೆಗೇ ಹೋಗುತ್ತಿತ್ತು. ಭಾಗವನ್ನು ಎಲ್ಲಿಂದ ಅಳೆಯುತ್ತಾರೋ ಅಲ್ಲಿಂದಲೇ ಸ್ಕೆಚ್ಚಿನಲ್ಲೂ ಅಳತೆ ಕೊಡುವ ಅಭ್ಯಾಸವನ್ನು ಈಗಲೇ ಬೆಳೆಸಿಕೊಳ್ಳಿ.

ಬೋಲ್ಟ್ ರಂಧ್ರಗಳ ವಿಷಯದಲ್ಲಿ ನನ್ನ ಊಹೆ ಹೀಗಿದೆ. ಹಬ್ ಫ್ಲೇಂಜನ್ನು ಸೇರುವಲ್ಲಿ ಫಿಲೆಟ್ (ಮೂಲೆಯ ದುಂಡನೆಯ ತಿರುವು) ಹಾಕಿದ ಮೇಲೆ ನೀವು ರಂಧ್ರಗಳ ಸ್ಕೆಚ್ ಮಾಡಿ, ಆ ಫಿಲೆಟ್ಟಿನ ಅಂಚಿನಿಂದ ಅಳತೆ ತೆಗೆದಿದ್ದೀರಿ. ಹಬ್ ಬದಲಾದಾಗ ಫಿಲೆಟ್ ಹೊಸದಾಗಿ ಹುಟ್ಟುತ್ತದೆ. ಹೊಸ ಅಂಚನ್ನು ಹಳೆಯ ಅಂಚೆಂದು ಸಾಫ್ಟ್‌ವೇರ್ ಗುರುತಿಸದೆ ಹೋದರೆ ಅದರ ಮೇಲೆ ನಿಂತ ಸ್ಕೆಚ್ ಕುಸಿಯುತ್ತದೆ. ಒಂದು ಫೀಚರ್ ತಾಯಿ, ಅದನ್ನು ನೆಚ್ಚಿಕೊಂಡದ್ದು ಮಗು. ತಾಯಿ ಕದಲಿದರೆ ಮಗುವೂ ಕದಲುತ್ತದೆ. ಆದ್ದರಿಂದ ಯಾವುದನ್ನು ತಾಯಿಯಾಗಿ ಆರಿಸುತ್ತೀರಿ ಎಂಬುದೇ ಈ ವಿದ್ಯೆಯ ಮುಕ್ಕಾಲು ಪಾಲು. ಮೂಲ ಸಮತಲಗಳು ಮತ್ತು ಮೂಲ ಅಕ್ಷ ಎಂದಿಗೂ ಕದಲುವುದಿಲ್ಲ, ಬೋಲ್ಟ್ ಸರ್ಕಲನ್ನು (ಬೋಲ್ಟ್ ರಂಧ್ರಗಳ ಕೇಂದ್ರಗಳು ಇರುವ ವೃತ್ತ) ಅಕ್ಷಕ್ಕೆ ಕಟ್ಟಿ. ಒಂದೇ ರಂಧ್ರ ಮಾಡಿ, ಉಳಿದವನ್ನು ಅಕ್ಷದ ಸುತ್ತ ಪ್ಯಾಟರ್ನ್ (ಸಮ ಅಂತರದ ಪ್ರತಿಗಳು) ಮಾಡಿ. ಫಿಲೆಟ್, ಚ್ಯಾಂಫರ್‌ಗಳು (ಓರೆಯಾಗಿ ಕತ್ತರಿಸಿದ ಅಂಚುಗಳು) ಕೊನೆಗೆ ಬರಲಿ, ಅವುಗಳ ಅಂಚಿನಿಂದ ಯಾವುದನ್ನೂ ಅಳೆಯಬೇಡಿ.

ಇನ್ನು ಹಬ್ ಏಕೆ ಬೆಳೆಯಲಿಲ್ಲ ಎಂಬುದು. ನಿಮ್ಮ ಶೀಟಿನಲ್ಲಿ ಹಬ್ 100, ಬೋಲ್ಟ್ ಸರ್ಕಲ್ 150, ಹಬ್ ಉದ್ದ 75, ಫ್ಲೇಂಜ್ ದಪ್ಪ 25 ಎಂದಿರುತ್ತದೆ. ಇವು ಬಿಡಿಬಿಡಿಯಾದ ಸಂಖ್ಯೆಗಳಲ್ಲ. ಶಾಫ್ಟಿನ ವ್ಯಾಸದ 2 ಪಟ್ಟು, 3 ಪಟ್ಟು, ಒಂದೂವರೆ ಪಟ್ಟು, ಅರ್ಧ ಎಂಬ ಅನುಪಾತಗಳಿಂದ ಬಂದವು. ಫಲವನ್ನು ಬರೆದು ಅನುಪಾತವನ್ನು ಕೈಬಿಟ್ಟಿದ್ದರಿಂದ ಸಂಬಂಧವೇ ಕಡಿದುಹೋಯಿತು. ಸಾಲಿಡ್ ಎಡ್ಜ್‌ನಲ್ಲಿ ವೇರಿಯಬಲ್ ಟೇಬಲ್ ಎಂಬುದಿದೆ. ಅಲ್ಲಿ ಶಾಫ್ಟಿನ ವ್ಯಾಸಕ್ಕೆ ಒಂದು ಹೆಸರು ಕೊಟ್ಟು, ಉಳಿದವನ್ನು ಆ ಹೆಸರಿನ ಗುಣಕಗಳಾಗಿ ಬರೆಯಿರಿ. ಇದನ್ನೇ ಸಾಲಿಡ್‌ವರ್ಕ್ಸ್‌ನಲ್ಲಿ ಈಕ್ವೇಶನ್ಸ್ ಎಂದೂ, ಇನ್ವೆಂಟರ್‌ನಲ್ಲಿ ಪ್ಯಾರಾಮೀಟರ್ಸ್ ಎಂದೂ, ಕ್ರಿಯೊದಲ್ಲಿ ರಿಲೇಶನ್ಸ್ ಎಂದೂ, ಎನ್‌ಎಕ್ಸ್‌ನಲ್ಲಿ ಎಕ್ಸ್‌ಪ್ರೆಶನ್ಸ್ ಎಂದೂ ಕರೆಯುತ್ತಾರೆ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದರಲ್ಲಿಯೇ ಇದೆ: ಹೆಸರು ಬೇರೆ, ಬಟನ್ ಇರುವ ಜಾಗ ಬೇರೆ, ಕೆಲಸ ಒಂದೇ. ಲ್ಯಾಬಿನಲ್ಲಿ ಸಾಲಿಡ್ ಎಡ್ಜ್ ಇದೆ ಎಂದಾದರೆ ಅದನ್ನೇ ಆಳವಾಗಿ ಕಲಿಯಿರಿ. ಒಂದನ್ನು ಹೀಗೆ ಕಲಿತವರು ಇನ್ನೊಂದಕ್ಕೆ ಕೆಲವೇ ವಾರಗಳಲ್ಲಿ ಹೊಂದಿಕೊಂಡದ್ದನ್ನು ನಾನು ನಮ್ಮ ವಿಭಾಗದಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಆದರೆ ಎಲ್ಲವನ್ನೂ ಸೂತ್ರಕ್ಕೆ ಒಪ್ಪಿಸಲಾಗದು ಎಂಬುದನ್ನೂ ಇದೇ ಕಪ್ಲಿಂಗ್ ತೋರಿಸಿಕೊಡುತ್ತದೆ. ಬೋಲ್ಟುಗಳ ಸಂಖ್ಯೆಗೆ ಪುಸ್ತಕದ ಸೂತ್ರ 0.02d + 3 (d ಎಂದರೆ ಮಿ.ಮೀ.ಗಳಲ್ಲಿ ಶಾಫ್ಟಿನ ವ್ಯಾಸ). ಶಾಫ್ಟ್ 50 ಇದ್ದರೆ 4 ಬರುತ್ತದೆ. ಬೋಲ್ಟಿನ ವ್ಯಾಸಕ್ಕೆ 0.5dಯನ್ನು ಆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು, 12.5 ಬರುತ್ತದೆ. ಅಂಥ ಬೋಲ್ಟ್ ಅಂಗಡಿಯಲ್ಲಿ ಸಿಗುವುದಿಲ್ಲ. ಎಂ12 ಹಾಕಬೇಕೋ ಎಂ16 ಹಾಕಬೇಕೋ ಎಂಬುದು ಎಂಜಿನಿಯರ್ ನಿರ್ಧರಿಸುವ ಮಾತು. ಕೀಯೂ ಹಾಗೆಯೇ: d/4 ಎಂದು ಹಾಕಿದರೆ 12.5 ಬರುತ್ತದೆ, ಆದರೆ ಪ್ರಮಾಣಿತ ಕೋಷ್ಟಕ 14 × 9 ಎನ್ನುತ್ತದೆ, ಮತ್ತು ಶಾಫ್ಟ್ 60 ಆದಾಗ ಅದು 18 × 11ಕ್ಕೆ ಹಾರುತ್ತದೆ, ಹಬ್‌ನಲ್ಲಿ ಆಳ 4.4 ಆಗುತ್ತದೆ. ಹಾಗಾಗಿ ಬೋಲ್ಟ್, ಕೀ, ಬೇರಿಂಗುಗಳಂಥ ಕೊಂಡು ತರುವ ವಸ್ತುಗಳ ಅಳತೆಗಳನ್ನು ಟೇಬಲ್ಲಿನಲ್ಲಿ ಪ್ರತ್ಯೇಕ ಹೆಸರುಗಳಾಗಿ ಇಟ್ಟು, ಕೋಷ್ಟಕ ನೋಡಿ ಕೈಯಿಂದಲೇ ತುಂಬಿ.

ಈಗ ನಿಮಗೊಂದು ಕೆಲಸ. ಬೋಲ್ಟನ್ನು ಎಂ16 ಎಂದು ಇಟ್ಟುಕೊಂಡು, ನಟ್ ಸಹಿತ ಅಸೆಂಬ್ಲಿ ಮಾಡಿ, ಇಂಟರ್‌ಫಿಯರೆನ್ಸ್ ಪರೀಕ್ಷೆ (ಭಾಗಗಳು ಒಂದರೊಳಗೊಂದು ಹೊಕ್ಕಿವೆಯೇ ಎಂದು ನೋಡುವುದು) ನಡೆಸಿ. ಏನು ಕಂಡಿತು ಎಂದು ಇಲ್ಲಿ ಬರೆಯಿರಿ.

ಉತ್ತರ 2: ಉಪನ್ಯಾಸಕಿ, ದಾವಣಗೆರೆ

ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ, ಲ್ಯಾಬಿನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಸಾಲಿಡ್ ಎಡ್ಜ್‌ನಲ್ಲಿ ಆರ್ಡರ್ಡ್ ಮತ್ತು ಸಿಂಕ್ರೋನಸ್ ಎಂಬ ಎರಡು ವಿಧಾನಗಳಿವೆ. ಆರ್ಡರ್ಡ್‌ನಲ್ಲಿ ನೀವು ಮಾಡಿದ ಪ್ರತಿ ಹೆಜ್ಜೆಯೂ ಕ್ರಮವಾಗಿ ದಾಖಲಾಗುತ್ತದೆ, ಮೇಲಿನ ಉತ್ತರದಲ್ಲಿ ಹೇಳಿದ ತಾಯಿ ಮಗುವಿನ ಸಂಬಂಧ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2008ರಲ್ಲಿ ಬಂದ ಸಿಂಕ್ರೋನಸ್ ವಿಧಾನದಲ್ಲಿ ಮುಖಗಳನ್ನು ನೇರವಾಗಿ ಎಳೆದು ಬದಲಿಸಬಹುದು. ಅದು ಉಪಯುಕ್ತವೇ, ವಿಶೇಷವಾಗಿ ಬೇರೆಯವರು ಕಳುಹಿಸಿದ, ಹೆಜ್ಜೆಗಳ ದಾಖಲೆಯಿಲ್ಲದ ಫೈಲನ್ನು ತಿದ್ದುವಾಗ. ಆದರೆ ಎರಡರ ಭೇದ ಗೊತ್ತಿಲ್ಲದೆ ಒಂದು ಭಾಗವನ್ನು ಇದರಲ್ಲಿ, ಮತ್ತೊಂದನ್ನು ಅದರಲ್ಲಿ ಮಾಡುವ ವಿದ್ಯಾರ್ಥಿಗಳು ಪ್ರತಿ ಬ್ಯಾಚಿನಲ್ಲಿಯೂ ಇರುತ್ತಾರೆ. ಕಲಿಯುವ ಮೊದಲ ವರ್ಷ ಆರ್ಡರ್ಡ್‌ನಲ್ಲಿಯೇ ಇರಿ ಎಂಬುದು ನನ್ನ ಸಲಹೆ.

ಸ್ಕೆಚ್ಚಿನ ಬಗ್ಗೆ ಇನ್ನೊಂದು ಮಾತು. ಸಮತಲದ ಮೇಲೆ ಬರೆದ ಒಂದು ವೃತ್ತಕ್ಕೆ ಮೂರು ಸ್ವಾತಂತ್ರ್ಯಗಳಿವೆ: ಕೇಂದ್ರ ಅಡ್ಡಕ್ಕೆ ಸರಿಯಬಹುದು, ಉದ್ದಕ್ಕೆ ಸರಿಯಬಹುದು, ತ್ರಿಜ್ಯ ಬದಲಾಗಬಹುದು. ಕೇಂದ್ರವನ್ನು ಮೂಲಬಿಂದುವಿಗೆ ಕಟ್ಟಿದರೆ ಎರಡು ಹೋದವು, ವ್ಯಾಸ ಕೊಟ್ಟರೆ ಮೂರನೆಯದೂ ಹೋಯಿತು. ಬರೆದ ಪ್ರತಿ ಗೆರೆಗೂ ಹೀಗೆ ಲೆಕ್ಕ ಹಾಕುವುದನ್ನು ನಾನು ಮಕ್ಕಳಿಂದ ಮೊದಲು ಕಾಗದದ ಮೇಲೆ ಮಾಡಿಸುತ್ತೇನೆ. ಪೂರ್ತಿ ಕಟ್ಟದ ಸ್ಕೆಚ್ ಇವತ್ತು ಸರಿಯಾಗಿ ಕಂಡರೂ ಅಳತೆ ಬದಲಾದ ದಿನ ತನಗೆ ತೋಚಿದ ಕಡೆಗೆ ಹೊರಳುತ್ತದೆ. ಇದು ಹೊಸ ವಿಚಾರವೇನೂ ಅಲ್ಲ. 1963ರಲ್ಲಿ ಇವಾನ್ ಸದರ್‌ಲ್ಯಾಂಡ್ ಎಂಐಟಿಯಲ್ಲಿ ಸ್ಕೆಚ್‌ಪ್ಯಾಡ್ ರೂಪಿಸಿದಾಗಲೇ ಗೆರೆಗಳು ಸಮಾನಾಂತರವಾಗಿರಲಿ, ಲಂಬವಾಗಿರಲಿ ಎಂದು ಕಟ್ಟುಪಾಡು ಹಾಕುವ ವ್ಯವಸ್ಥೆ ಅದರಲ್ಲಿತ್ತು. ಸೋವಿಯತ್ ಒಕ್ಕೂಟದಿಂದ ಅಮೆರಿಕಕ್ಕೆ ವಲಸೆ ಬಂದ ಗಣಿತಜ್ಞ ಸ್ಯಾಮುಯೆಲ್ ಗೈಸ್‌ಬರ್ಗ್ 1985ರಲ್ಲಿ ಪ್ಯಾರಾಮೆಟ್ರಿಕ್ ಟೆಕ್ನಾಲಜಿ ಕಾರ್ಪೊರೇಶನ್ ಸ್ಥಾಪಿಸಿ, ಆ ಕಂಪನಿಯ ಪ್ರೊ ಎಂಜಿನಿಯರ್ ಮಾರುಕಟ್ಟೆಗೆ ಬಂದ ಮೇಲೆ ಕಟ್ಟುಪಾಡು, ಅಳತೆ, ಹೆಜ್ಜೆಗಳ ದಾಖಲೆ ಮೂರೂ ಒಂದಾಗಿ ಕಾರ್ಖಾನೆಗಳನ್ನು ತಲುಪಿದವು. ಇಂದಿನ ಕ್ರಿಯೊ ಅದರ ಮುಂದುವರಿಕೆ. ಯಾವ ಸಾಫ್ಟ್‌ವೇರ್ ಎಂಬ ಚಿಂತೆಯಲ್ಲಿರುವ ವಿದ್ಯಾರ್ಥಿಗಳಿಗೆ ಇದನ್ನು ಹೇಳುವುದು ಏಕೆಂದರೆ, ಆ ಮೂಲ ವಿಚಾರ ಬದಲಾಗಿಲ್ಲ.

ಮಾಡೆಲ್ ಮುಗಿದ ಮೇಲೆ ಅದರ ತೂಕವನ್ನು ಕೈಯಿಂದ ಲೆಕ್ಕ ಹಾಕಿ ಹೋಲಿಸಿ. ನಿಮ್ಮ ಫ್ಲೇಂಜನ್ನೇ ತೆಗೆದುಕೊಳ್ಳಿ: 200 ವ್ಯಾಸದ, 25 ದಪ್ಪದ ತಟ್ಟೆ, ಅದರಿಂದ 50 ಹೊರಚಾಚಿದ 100 ವ್ಯಾಸದ ಹಬ್, ಮಧ್ಯೆ 75 ಉದ್ದಕ್ಕೂ 50 ವ್ಯಾಸದ ಬೋರ್. ಎರಕದ ಕಬ್ಬಿಣದ ಸಾಂದ್ರತೆ ಘನ ಮೀಟರಿಗೆ 7200 ಕಿಲೋಗ್ರಾಂ ಎಂದಿಟ್ಟುಕೊಂಡರೆ ರಿಮ್, ರಂಧ್ರ, ಕೀವೇಗಳನ್ನು ಬಿಟ್ಟು ಸುಮಾರು 7.4 ಕಿಲೋಗ್ರಾಂ ಬರುತ್ತದೆ. ಸಾಫ್ಟ್‌ವೇರ್ 0.7 ಎಂದೋ 74 ಎಂದೋ ತೋರಿಸಿದರೆ ಎಲ್ಲಿಯೋ ತಪ್ಪಿದ್ದೀರಿ. ಸಾಲಿಡ್‌ವರ್ಕ್ಸ್‌ನ ಸಿಎಸ್‌ಡಬ್ಲ್ಯುಎ ಎಂಬ ಪ್ರಮಾಣಪತ್ರ ಪರೀಕ್ಷೆಯಲ್ಲಿಯೂ ಭಾಗವನ್ನು ಮಾಡಿಸಿ ತೂಕ ಕೇಳುತ್ತಾರೆ, ಬಳಿಕ ಕೆಲವು ಅಳತೆಗಳನ್ನು ಬದಲಿಸಿ ಮತ್ತೆ ತೂಕ ಕೇಳುತ್ತಾರೆ. ನಿಮ್ಮ ಸರ್ ಕೇಳಿದ್ದೂ ಅದನ್ನೇ.

ಕಂಪ್ಯೂಟರ್ ತೆರೆಯುವ ಮುನ್ನ ಹತ್ತು ನಿಮಿಷ ಪೆನ್ಸಿಲ್ ಹಿಡಿದು ಭಾಗದ ಚಿತ್ರ ಬರೆಯಿರಿ, ಪ್ರತಿ ಅಳತೆಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂದು ಗುರುತು ಹಾಕಿ: ಶಾಫ್ಟಿನಿಂದ ಬಂತೇ, ಕೋಷ್ಟಕದಿಂದ ಬಂತೇ, ನಮ್ಮ ಆಯ್ಕೆಯೇ. ಡ್ರಾಯಿಂಗ್ ಶೀಟ್ ತೆಗೆಯುವಾಗ ಫಸ್ಟ್ ಆಂಗಲ್ ಪ್ರೊಜೆಕ್ಷನ್ ಆಯ್ಕೆಯಾಗಿದೆಯೇ ಎಂದು ನೋಡಿಕೊಳ್ಳುವುದನ್ನು ಮರೆಯಬೇಡಿ.

ಉತ್ತರ 3: ಬೆಳಗಾವಿ, ಫೌಂಡ್ರಿ ಪ್ಯಾಟರ್ನ್ ವಿಭಾಗ

ಒಂದು ಸಣ್ಣ ಭಿನ್ನಾಭಿಪ್ರಾಯ. ಸೂತ್ರಗಳ ಬಗ್ಗೆ ಇಷ್ಟು ಹೇಳಿದ ಮೇಲೆ ವಿದ್ಯಾರ್ಥಿಗಳು ಪ್ರತಿಯೊಂದು ಫಿಲೆಟ್ಟಿಗೂ ಸೂತ್ರ ಬರೆಯಲು ಹೊರಡುತ್ತಾರೆ ಎಂಬ ಆತಂಕ ನನಗಿದೆ. ನಾವು ತರಿಸಿಕೊಂಡ ಒಂದು ಪಂಪ್ ಕವಚದ ಮಾಡೆಲಿನಲ್ಲಿ ನೂರಕ್ಕೂ ಹೆಚ್ಚು ಸಮೀಕರಣಗಳಿದ್ದವು. ಯಾವುದು ಯಾವುದನ್ನು ನಡೆಸುತ್ತಿದೆ ಎಂದು ಹುಡುಕಲು ಎರಡು ದಿನ ಹಿಡಿಯಿತು. ಬದಲಾಗುತ್ತದೆ ಎಂದು ನಿಮಗೆ ಖಚಿತವಾಗಿ ಗೊತ್ತಿರುವ ನಾಲ್ಕೈದು ಅಳತೆಗಳಿಗೆ ಮಾತ್ರ ಹೆಸರು ಕೊಡಿ. ಉಳಿದವು ಸರಳ ಸಂಖ್ಯೆಗಳಾಗಿಯೇ ಇರಲಿ, ಸಾಧ್ಯವಾದಲ್ಲಿ ಸೂತ್ರಕ್ಕೆ ಬದಲು ಸಮಾನ, ಸಮಮಿತ, ಏಕಕೇಂದ್ರ ಎಂಬ ಜ್ಯಾಮಿತೀಯ ಕಟ್ಟುಪಾಡುಗಳನ್ನು ಬಳಸಿ.

ಇನ್ನೊಂದು ಸಂಗತಿಯನ್ನು ಕಾಲೇಜಿನಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ನಿಮ್ಮ ಫ್ಲೇಂಜ್ ಎರಕದಿಂದ ಆಗುವ ವಸ್ತು. ಮರಳಿನ ಅಚ್ಚಿನಿಂದ ಪ್ಯಾಟರ್ನ್ (ಮರಳಿನಲ್ಲಿ ಆಕಾರ ಮೂಡಿಸುವ ಮಾದರಿ) ಹೊರಬರಬೇಕಾದರೆ ಗೋಡೆಗಳಿಗೆ ಒಂದೆರಡು ಡಿಗ್ರಿ ಡ್ರಾಫ್ಟ್ (ಓರೆ) ಬೇಕು, ಯಂತ್ರದಲ್ಲಿ ಕೊರೆಯುವ ಮುಖಗಳ ಮೇಲೆ ಸುಮಾರು 3 ಮಿ.ಮೀ. ಹೆಚ್ಚಿನ ಲೋಹ ಬೇಕು, ಕಬ್ಬಿಣ ಆರುವಾಗ ಶೇಕಡ ಒಂದರಷ್ಟು ಕುಗ್ಗುವುದರಿಂದ ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು. ಮೊದಲು ಎರಕದ ಆಕಾರವನ್ನು ಕಟ್ಟಿ, ಬೋರ್, ಬೋಲ್ಟ್ ರಂಧ್ರ, ಕೀವೇಗಳನ್ನು ಅದರ ನಂತರದ ಹೆಜ್ಜೆಗಳಾಗಿ ಸೇರಿಸಿ. ಆಗ ಫೀಚರ್ ಟ್ರೀಯನ್ನು (ಹೆಜ್ಜೆಗಳ ಪಟ್ಟಿ) ಮಧ್ಯದಲ್ಲಿ ನಿಲ್ಲಿಸಿದರೆ ಎರಕದ ವಸ್ತು, ಕೊನೆವರೆಗೆ ಬಿಟ್ಟರೆ ಯಂತ್ರದ ಕೆಲಸ ಮುಗಿದ ವಸ್ತು, ಎರಡೂ ಒಂದೇ ಫೈಲಿನಿಂದ ಸಿಗುತ್ತವೆ. ವಸ್ತು ಕಾರ್ಖಾನೆಯಲ್ಲಿ ಹುಟ್ಟುವ ಕ್ರಮದಲ್ಲಿಯೇ ಮಾಡೆಲನ್ನೂ ಕಟ್ಟಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಗೊಂದಲ ಬಹುಮಟ್ಟಿಗೆ ತೀರುತ್ತದೆ. ಸಾಧ್ಯವಾದರೆ ಒಮ್ಮೆ ಫೌಂಡ್ರಿಯೊಂದಕ್ಕೆ ಹೋಗಿ ನೋಡಿ ಬನ್ನಿ.

ಉತ್ತರ 4: ಕೊಯಮತ್ತೂರಿನಲ್ಲಿರುವ ಕನ್ನಡಿಗ

ಲ್ಯಾಪ್‌ಟಾಪ್ ಮತ್ತು ಖರ್ಚಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅದನ್ನು ನಾನು ಬರೆಯುತ್ತೇನೆ. ಸಾಲಿಡ್ ಎಡ್ಜ್‌ನ ವಿದ್ಯಾರ್ಥಿ ಆವೃತ್ತಿಯನ್ನು ಸೀಮೆನ್ಸ್ ಉಚಿತವಾಗಿಯೇ ಕೊಡುತ್ತದೆ. ಅದು ಕಲಿಕೆಗೆ ಮಾತ್ರ, ಹಣ ಪಡೆದು ಮಾಡುವ ಕೆಲಸಕ್ಕೆ ಅಲ್ಲ. ನಿಮ್ಮ ಯಂತ್ರದಲ್ಲಿ ಒಂಟಿ ಭಾಗಗಳನ್ನೂ ಹತ್ತಿಪ್ಪತ್ತು ಭಾಗಗಳ ಅಸೆಂಬ್ಲಿಯನ್ನೂ ಮಾಡಲು ತೊಂದರೆಯಾಗದು, ಬೇರೆ ಪ್ರೋಗ್ರಾಂಗಳನ್ನು ಮುಚ್ಚಿಡಿ ಮತ್ತು ಬೋಲ್ಟುಗಳಿಗೆ ನಿಜವಾದ ಥ್ರೆಡ್ ಸುರುಳಿಯನ್ನು ಕೊರೆಯದೆ ಥ್ರೆಡ್ಡಿನ ಸಂಕೇತವನ್ನಷ್ಟೇ ಬಳಸಿ.

ಲಿನಕ್ಸ್ ಬಳಸುವವರಿಗೆ, ಅಥವಾ ಪರವಾನಗಿಯ ಹಂಗು ಬೇಡ ಎನ್ನುವವರಿಗೆ ಫ್ರೀಕ್ಯಾಡ್ ಇದೆ. ಅದು ಮುಕ್ತ ತಂತ್ರಾಂಶ, ಓಪನ್ ಕ್ಯಾಸ್ಕೇಡ್ ಎಂಬ ಜ್ಯಾಮಿತಿ ಕೇಂದ್ರದ (ಕರ್ನಲ್, ಎಂದರೆ ಆಕಾರಗಳ ಲೆಕ್ಕ ಮಾಡುವ ಒಳಭಾಗ) ಮೇಲೆ ನಿಂತಿದೆ. ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್, ಎನ್‌ಎಕ್ಸ್ ಮೂರೂ ಪ್ಯಾರಾಸಾಲಿಡ್ ಎಂಬ ಇನ್ನೊಂದು ಕೇಂದ್ರವನ್ನು ಬಳಸುತ್ತವೆ. ಮೊದಲ ಉತ್ತರದಲ್ಲಿ ಹೇಳಿದ ಅಂಚು ಗುರುತಿಸಲಾಗದ ತೊಂದರೆ ಫ್ರೀಕ್ಯಾಡ್‌ನಲ್ಲಿ ಬಹಳ ಕಾಲ ತೀವ್ರವಾಗಿತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದನ್ನು ಬಹುಪಾಲು ತಗ್ಗಿಸಿದ್ದಾರೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಸ್ಪ್ರೆಡ್‌ಶೀಟ್: ಕೋಶಕ್ಕೆ ಹೆಸರು ಕೊಟ್ಟು, ಆ ಹೆಸರನ್ನೇ ಸ್ಕೆಚ್ಚಿನ ಅಳತೆಯಲ್ಲಿ ಬರೆಯಬಹುದು. ಕಪ್ಲಿಂಗಿನ ಅನುಪಾತಗಳೆಲ್ಲ ಒಂದೇ ಹಾಳೆಯಲ್ಲಿ ಕಣ್ಣೆದುರಿಗೆ ಇರುತ್ತವೆ. ಬ್ರೌಸರಿನಲ್ಲಿಯೇ ನಡೆಯುವ ಆನ್‌ಶೇಪ್ ಕೂಡ ಇದೆ; ಅದರ ಉಚಿತ ಖಾತೆಯಲ್ಲಿ ನೀವು ಮಾಡಿದ್ದು ಎಲ್ಲರಿಗೂ ಕಾಣುತ್ತದೆ ಎಂಬುದು ಗೊತ್ತಿರಲಿ.

ಒಂದರಿಂದ ಇನ್ನೊಂದಕ್ಕೆ ಫೈಲ್ ಸಾಗಿಸಲು ಸ್ಟೆಪ್ ಎಂಬ ಪ್ರಮಾಣಿತ ರೂಪವಿದೆ, ಐಎಸ್‌ಒ 10303. ಅದರಲ್ಲಿ ಆಕಾರ ನಿಖರವಾಗಿ ಹೋಗುತ್ತದೆ, ಆದರೆ ನಿಮ್ಮ ಹೆಜ್ಜೆಗಳು, ಸ್ಕೆಚ್ಚುಗಳು, ಸೂತ್ರಗಳು ಹೋಗುವುದಿಲ್ಲ. ಆದ್ದರಿಂದ ಮೂಲ ಫೈಲನ್ನು ಎಂದೂ ಅಳಿಸಬೇಡಿ.

ಹಾಸನದ ವಿದ್ಯಾರ್ಥಿ (ಹನ್ನೆರಡು ದಿನಗಳ ನಂತರ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಳೆಯ ಫೈಲಿನ ಪ್ರತಿಯನ್ನು ತೆರೆದು ನೋಡಿದೆ. ಪೀಣ್ಯದ ಸರ್ ಊಹಿಸಿದ್ದು ನಿಜವಾಗಿತ್ತು: ಬೋಲ್ಟ್ ಸರ್ಕಲನ್ನು ನಾನು ಫಿಲೆಟ್ಟಿನ ಅಂಚಿನಿಂದಲೇ ಅಳೆದಿದ್ದೆ, ಕೀವೇಗೆ ಕೇಂದ್ರದಿಂದ 28.8 ಎಂದೇ ಬರೆದಿದ್ದೆ. ದಾವಣಗೆರೆಯ ಮೇಡಂ ಹೇಳಿದಂತೆ ಮೊದಲು ಕಾಗದದ ಮೇಲೆ ಎಲ್ಲ ಅಳತೆಗಳ ಮೂಲವನ್ನು ಗುರುತಿಸಿಕೊಂಡು ಕುಳಿತೆ. ಹತ್ತು ನಿಮಿಷವಲ್ಲ, ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಮಾಡೆಲ್ ಕಟ್ಟಲು ಒಂದು ಗಂಟೆಯೂ ಬೇಕಾಗಲಿಲ್ಲ. ಶಾಫ್ಟ್, ಬೋಲ್ಟ್, ಬೋಲ್ಟುಗಳ ಸಂಖ್ಯೆ, ಕೀಯ ಅಗಲ, ಕೀವೇಯ ಆಳ, ಈ ಐದಕ್ಕೆ ಮಾತ್ರ ಹೆಸರು ಕೊಟ್ಟು, ಶಾಫ್ಟಿನಿಂದ ನೇರವಾಗಿ ಬರುವ ಅಳತೆಗಳನ್ನಷ್ಟೇ ಗುಣಕಗಳಾಗಿ ಬರೆದಿದ್ದೇನೆ. 40, 60, 75 ಮೂರಕ್ಕೂ ಬದಲಿಸಿ ನೋಡಿದೆ, ಒಂದು ಎಚ್ಚರಿಕೆಯೂ ಬರಲಿಲ್ಲ.

ಎಂ16 ಬೋಲ್ಟಿನ ಪರೀಕ್ಷೆಯನ್ನೂ ಮಾಡಿದೆ. ಶಾಫ್ಟ್ 50 ಇದ್ದಾಗ ನಾಲ್ಕೂ ನಟ್‌ಗಳು ಹೊರಗಿನ ರಿಮ್ಮಿನೊಳಗೆ ಹೊಕ್ಕಿವೆ ಎಂದು ಸಾಫ್ಟ್‌ವೇರ್ ತೋರಿಸಿತು. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು: ನನ್ನ ಶೀಟಿನಲ್ಲಿ ಹೊರವ್ಯಾಸ 4d, ಎಂದರೆ 200, ರಿಮ್ ಅದರೊಳಗೇ ಸೇರಿದೆ, ಅದರ ದಪ್ಪ 12.5. ಬೋಲ್ಟಿನ ಕೇಂದ್ರದಿಂದ ರಿಮ್ಮಿನ ಒಳಗೋಡೆಗೆ ಉಳಿಯುವುದು 12.5 ಮಾತ್ರ, ಎಂ16 ನಟ್ಟಿನ ಮೂಲೆ ಕೇಂದ್ರದಿಂದ 13ಕ್ಕಿಂತ ಹೆಚ್ಚು ದೂರವಿದೆ. ಶೀಟಿನಲ್ಲಿ ಇಷ್ಟು ದಿನ ನೋಡಿದ ಚಿತ್ರದಲ್ಲಿ ಇದು ನನಗೆ ಕಂಡಿರಲೇ ಇಲ್ಲ.

ಒಂದು ಸಂದೇಹ ಉಳಿದಿದೆ. ಶಾಫ್ಟ್ 75 ಆದಾಗ ಬೋಲ್ಟುಗಳ ಸಂಖ್ಯೆ ಸೂತ್ರದಿಂದ 4.5 ಬರುತ್ತದೆ. ಅದನ್ನು 4 ಮಾಡಲೇ, 5 ಮಾಡಲೇ?

ಪೀಣ್ಯದ ಟೂಲ್‌ರೂಮಿನಿಂದ

ಬಹಳ ಸಂತೋಷವಾಯಿತು. ನಟ್ ರಿಮ್ಮಿಗೆ ತಾಗುವುದನ್ನು ನೀವೇ ಲೆಕ್ಕ ಹಾಕಿ ಕಂಡುಕೊಂಡದ್ದು ನನಗೆ ಮಾಡೆಲ್ ಸರಿಯಾದದ್ದಕ್ಕಿಂತ ಹೆಚ್ಚು ಮೆಚ್ಚಿಗೆಯಾಯಿತು.

75ಕ್ಕೆ ನಾನು 4 ಇಡುತ್ತೇನೆ. ಡ್ರಿಲ್ಲಿಂಗಿನಲ್ಲಿ 90 ಡಿಗ್ರಿಗೊಂದು ರಂಧ್ರ ಗುರುತಿಸುವುದು ಸುಲಭ. ಐದರ ವಿಂಗಡಣೆಯನ್ನು ಕಾರಣವಿಲ್ಲದೆ ಯಾರೂ ಬಯಸುವುದಿಲ್ಲ. ನಾಲ್ಕಾದರೆ ಬೋಲ್ಟ್ 18.75 ಬರುತ್ತದೆ, ಎಂ20 ಹಾಕಿ, ಮತ್ತು ಅದು ಟಾರ್ಕನ್ನು ತಡೆಯುತ್ತದೆಯೇ ಎಂದು ಶಿಯರ್ (ಬೋಲ್ಟ್ ಅಡ್ಡಕ್ಕೆ ಕತ್ತರಿಸಿಹೋಗುವ) ಲೆಕ್ಕದಿಂದ ಖಚಿತಪಡಿಸಿಕೊಳ್ಳಿ, ಏಕೆಂದರೆ ಈ ಅನುಪಾತಗಳು ಆರಂಭದ ಅಂದಾಜುಗಳಷ್ಟೇ.

ಇನ್ನು ರಿಮ್ಮಿನ ವಿಷಯ. ಕೆಲವು ಪುಸ್ತಕಗಳು 4d ಅಳತೆಯ ಹೊರಗೆ ರಿಮ್ಮಿನ ದಪ್ಪವನ್ನು ಎರಡೂ ಬದಿಗೆ ಕೂಡಿಸುತ್ತವೆ. ಹಾಗೆ ಮಾಡಿದರೆ 50ರ ಶಾಫ್ಟಿಗೆ ಹೊರವ್ಯಾಸ 225 ಆಗಿ, ಬೋಲ್ಟಿನ ಕೇಂದ್ರದಿಂದ ಒಳಗೋಡೆಗೆ 25 ಮಿ.ಮೀ. ಜಾಗ ಸಿಗುತ್ತದೆ. ನಿಮ್ಮ ಈಗಿನ ಮಾಡೆಲಿನಲ್ಲಿ ಶಾಫ್ಟ್ 75 ಇದ್ದಾಗ ಆ ಜಾಗ 18.75, ಎಂ20 ನಟ್ಟಿನ ಮೂಲೆ 17.3ರವರೆಗೆ ಬರಬಹುದು. ಪರೀಕ್ಷೆಯಲ್ಲಿ ಎಚ್ಚರಿಕೆ ಬರುವುದಿಲ್ಲ, ಆದರೂ ಆ ನಟ್ಟನ್ನು ಬಿಗಿಯಲು ಸಾಕೆಟ್ ಒಳಗೆ ಹೋಗುವುದಿಲ್ಲ. ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಎಂ20 ನಟ್ಟಿಗೆ ಹೊಂದುವ 30ರ ಸಾಕೆಟ್ ಇದ್ದರೆ ಅದರ ಹೊರವ್ಯಾಸವನ್ನು ವರ್ನಿಯರಿನಿಂದ ಅಳೆದು, ಅಷ್ಟೇ ವ್ಯಾಸದ ಒಂದು ಸಿಲಿಂಡರನ್ನು ಅಸೆಂಬ್ಲಿಯಲ್ಲಿ ಪ್ರತಿ ನಟ್ಟಿನ ಮೇಲೆ ಕೂರಿಸಿ, ಮತ್ತೊಮ್ಮೆ ಪರೀಕ್ಷೆ ನಡೆಸಿ.